ಸವಳು ನೀರಿನೂರಲ್ಲಿ ಗಟ್ಟಿ ನೊರೆ: ನನ್ನ ಅನುಭವ

ನನ್ನ ಕ್ಷೌರದಂಗಡಿಯಲ್ಲಿ ಶೇವಿಂಗ್ ನೊರೆ ಕೆಡಿಸುತ್ತಿದ್ದದ್ದು ಕ್ರೀಮೂ ಅಲ್ಲ, ಬ್ರಷ್ಷೂ ಅಲ್ಲ, ಬೋರಿನ ನೀರು. ರಾಯಚೂರಿನಲ್ಲಿ ನಮ್ಮ ಕಸುಬಿನವರಿಗೆ ಇದನ್ನು ಹೇಳಿದಾಗ ಬಹಳ ಮಂದಿ "ನೀರಿನಾಗ ಏನೈತ್ರಿ, ಕ್ರೀಮ್ ಬದ್ಲಿ ಮಾಡ್ರಿ" ಅಂದರು. ಈಗ ಅದೇ ಕ್ರೀಮು, ಅದೇ ಬ್ರಷ್ಷು. ಎರಡನೇ ಕೈ ಕತ್ತಿ ಎಳೆಯುವವರೆಗೂ ಗಲ್ಲದ ಮೇಲೆ ನೊರೆ ಒದ್ದೆಯಾಗಿ ನಿಂತಿರುತ್ತದೆ.

ಎಡದೊರೆ ನಾಡು, ಎರಡು ಹೊಳೆಗಳ ನಡುವಿನ ಜಿಲ್ಲೆ. ಆದರೆ ಅಂಗಡಿಯ ನಲ್ಲಿಗೆ ಬರುವುದು ಬೋರಿನ ಸವಳು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಬಿಳಿ ಜಿಗುಟು ಮಾಡುತ್ತವೆ. ಬಟ್ಟಲಿನ ಅಂಚಿಗೆ ಹತ್ತಿ, ಉಗುರಲ್ಲಿ ಕೆರೆದರೆ ಬರುವ ಪದರ ಅದೇ. ನೊರೆಯಾಗಬೇಕಿದ್ದ ಕ್ರೀಮು ಅಲ್ಲಿ ಹೋಗುತ್ತದೆ. ನೀರಲ್ಲಿ ಕರಗಿದ ಲವಣಗಳನ್ನೆಲ್ಲ ಅಳೆಯುವ ಟಿಡಿಎಸ್ ಮೀಟರ್ ಇಟ್ಟಾಗ ಬೋರಿನ ನೀರು 1,300ರ ಆಸುಪಾಸು, ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು 70-80 ತೋರಿಸಿತು. ಆದರೆ ಮೀಟರನ್ನೇ ನಂಬಬೇಡಿ, ಅದು ಬರೀ ಉಪ್ಪಿನಂಶವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅರ್ಧ ಬಾಟಲಿ ನೀರಿಗೆ ಚೂರು ಕ್ರೀಮ್ ಹಾಕಿ ಕುಲುಕಿ. ನೀರು ಹಾಲಿನಂತೆ ಕದಡಿ, ನೊರೆ ಕೂಡಲೇ ಇಳಿದರೆ ನೀರು ಗಡಸು.

ದುಡ್ಡು ಕಳೆದದ್ದು ಹೀಗೆ. ಮೊದಲು ದುಬಾರಿ ಬ್ರಷ್, 600 ರೂಪಾಯಿ ಚಿಲ್ಲರೆ. ನೊರೆ ಅಷ್ಟಕ್ಕಷ್ಟೇ. ನಲ್ಲಿಗೆ ಸಿಕ್ಕಿಸುವ ಫಿಲ್ಟರ್‌ಗೆ ಸುಮಾರು 900. ಅದು ಮಣ್ಣು ತಡೆಯಿತು, ಗಡಸು ಇಳಿಸಲಿಲ್ಲ. ಕುದಿಸಿ ಆರಿಸಿದೆ: ಪಾತ್ರೆಯ ತಳಕ್ಕೆ ಸುಣ್ಣ ಕೂತಿತು, ನೊರೆ ಸ್ವಲ್ಪ ಸುಧಾರಿಸಿತು, ಆದರೆ ಕುದಿಸಿದರೂ ಬಿಡದ ಗಡಸು ಹಾಗೇ ಉಳಿಯಿತು. ಗ್ಯಾಸಿನ ಖರ್ಚಿಗೆ ತೂಗಲಿಲ್ಲ. ತೊಳೆಯುವ ಸೋಡಾ ಹಾಕಿದರೆ ನೀರು ಮೆತ್ತಗಾಗುವುದು ನಿಜ, ಚರ್ಮ ಉರಿಯುತ್ತದೆ. ಗಿರಾಕಿಯ ಮುಖಕ್ಕೆ ಅದು ಬೇಡ.

ದಾರಿ ಸುಲಭವಾಗಿತ್ತು. ಅಂಗಡಿಯ ನೀರೆಲ್ಲ ಸಿಹಿಯಾಗಬೇಕಿಲ್ಲ. ಬ್ರಷ್ ನೆನೆಸಲು, ನೊರೆ ಕಟ್ಟಲು, ಮುಖ ಒದ್ದೆ ಮಾಡಲು ಒಬ್ಬರಿಗೆ ಒಂದು ಲೋಟ ಸಾಕು. ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ ತಂದ 20 ಲೀಟರ್ ಕ್ಯಾನು ದಿನಕ್ಕೆ 12 ಶೇವಿಂಗ್ ಹಿಡಿದರೂ ಹತ್ತು ದಿನ ಬರುತ್ತದೆ. ಕೈ ತೊಳೆಯಲು, ನೆಲಕ್ಕೆ ಬೋರೇ ಇರಲಿ.

ಕಟ್ಟುವ ಕ್ರಮದಲ್ಲೂ ತಪ್ಪಿತ್ತು. ಮೊದಲೇ ನೀರು ಸುರಿಯುತ್ತಿದ್ದೆ. ಈಗ ನೆನೆದ ಬ್ರಷ್ಷನ್ನು ಎರಡು ಸಲ ಜೋರಾಗಿ ಝಾಡಿಸುತ್ತೇನೆ, ತುದಿಯಿಂದ ನೀರು ತೊಟ್ಟಿಕ್ಕಬಾರದು. ಶೇಂಗಾ ಬೀಜದಷ್ಟು ಕ್ರೀಮ್, ಹೆಚ್ಚೆಂದರೆ ಒಂದೂಕಾಲು ಗ್ರಾಂ, ಕೂದಲಿನ ನಡುವೆ. ಪಿಂಗಾಣಿ ಬಟ್ಟಲಲ್ಲಿ 30-40 ಸುತ್ತು, ಅಂಟಂಟು ಹಿಟ್ಟಿನಂತಾಗುವ ತನಕ. ಆಮೇಲೆ ಅರ್ಧರ್ಧ ಚಮಚ ನೀರು, ನಾಲ್ಕೈದು ಸಲ, ಪ್ರತಿ ಸಲಕ್ಕೂ 15-20 ಸುತ್ತು. ಒಟ್ಟು ಎರಡು ನಿಮಿಷ. ಅವಸರದಲ್ಲಿ ಒಂದೇ ಸಲ ಸುರಿದರೆ ದೊಡ್ಡ ಗುಳ್ಳೆ ಏಳುತ್ತವೆ, ನೋಡಲು ರಾಶಿ, ಗಲ್ಲದ ಮೇಲೆ ಅರ್ಧ ನಿಮಿಷಕ್ಕೆ ಟೊಳ್ಳು. ಗುಳ್ಳೆ ಕಣ್ಣಿಗೆ ಕಾಣದೆ ಮೊಸರಿನ ಮೇಲಿನಂಥ ಹೊಳಪು ಬಂದಾಗ ನಿಲ್ಲಿಸಿ. ಎರಡು ಬೆರಳ ನಡುವೆ ಉಜ್ಜಿದರೆ ಎಣ್ಣೆಯಂತೆ ಜಾರಬೇಕು. ಹೊಳಪಿಲ್ಲದೆ ಬ್ರಷ್ ಎತ್ತಿದಾಗ ಮುದ್ದೆಯಾಗಿ ಬಂದರೆ ನೀರು ಕಡಿಮೆ, ಅದರ ಮೇಲೆ ಕತ್ತಿ ತಡೆಯುತ್ತದೆ.

ನಮ್ಮ ಏಪ್ರಿಲ್-ಮೇ ಬಿಸಿಲೇ ಬೇರೆ. ಫ್ಯಾನಿನ ಕೆಳಗೆ ಒಂದು ಗಲ್ಲ ಮುಗಿಯುವಷ್ಟರಲ್ಲಿ ಇನ್ನೊಂದು ಗಲ್ಲದ ನೊರೆ ಒಣಗಿ ಬಿಳಿ ಪುಡಿ. ಬಟ್ಟಲಿಗೆ ಗ್ಲಿಸರಿನ್ ಎರಡು ಹನಿ ಬಿಟ್ಟರೆ ನಿಲ್ಲುತ್ತದೆ. ಐದಾರು ಹನಿಯಾದರೆ ನೊರೆಯೇ ಕೂತುಬಿಡುತ್ತದೆ, ಮೂರು ಬಟ್ಟಲು ಹಾಗೆ ಹಾಳಾದವು. ಬೇಸಿಗೆಯಲ್ಲಿ ಬಿಸಿನೀರು ಟವೆಲ್ಲಿಗೆ ಮಾತ್ರ. ನೊರೆಗೆ ಮಣ್ಣಿನ ಹರವಿಯಲ್ಲಿ ತಣಿದ ಅದೇ ಕ್ಯಾನ್ ನೀರು. ತಂಪು ನೊರೆ ಹೆಚ್ಚು ಹೊತ್ತು ಬಾಳುತ್ತದೆ, ಗಿರಾಕಿಗೂ ಹಿತ.

ಬೇರೆ ಪ್ರಯೋಗಗಳೂ ಆದವು. ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರಲ್ಲಿ ನೊರೆ ಬೆಣ್ಣೆಯಂತೆ ಬಂತು. ಆದರೆ ಅದು ಧೂಳು, ಪಾಚಿ ತೊಳೆದುಕೊಂಡು ಬರುವ ನೀರು, ಮುಖಕ್ಕೆ ಸಲ್ಲ. ಮೊದಲ ಮಳೆ ಬಿಟ್ಟು ಹಿಡಿದ ಮಳೆನೀರು ಕ್ಯಾನಿಗಿಂತ ಮೇಲು, ಸಿಗುವ ದಿನ ಕಡಿಮೆ. ಬೋರಿನ ನೀರಿಗೆ ಲೀಟರಿಗೊಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದರೂ ಕೆಲಸವಾಗುತ್ತದೆ, ಒಂದು ಚಿಟಿಕೆ ಹೆಚ್ಚಾದರೆ ಹುಳಿಗೆ ಸಾಬೂನು ಒಡೆದು ನೊರೆ ಸಾಯುತ್ತದೆ. ಕ್ಯಾನು ಸಿಗದ ದಿನಕ್ಕೆ ಅದಿರಲಿ. ಶೇವಿಂಗ್ ಸ್ಟಿಕ್ ಹಾಗೂ ಕ್ರೀಮ್ ಬೆರೆಸಿದರೆ ನೊರೆ ಇನ್ನೂ ದಟ್ಟ. ಆ ಅಳತೆ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಲೆಕ್ಕ: 70 ಗ್ರಾಂ ಟ್ಯೂಬು ಮೊದಲು 25 ಮುಖಕ್ಕೆ ಮುಗಿಯುತ್ತಿತ್ತು, ಈಗ 55 ದಾಟುತ್ತದೆ. ಟ್ಯೂಬಿಗೆ 70 ರೂಪಾಯಿ ಹಿಡಿದರೆ ಮುಖಕ್ಕೆ 2 ರೂಪಾಯಿ 80 ಪೈಸೆ ಇದ್ದದ್ದು 1 ರೂಪಾಯಿ 30 ಪೈಸೆಯೊಳಗೆ. ತಿಂಗಳಿಗೆ 500ರ ಹತ್ತಿರ ಉಳಿತಾಯ, ಕ್ಯಾನಿನ ಖರ್ಚು 15.

ಹಳೆಯ ಬ್ರಷ್ಷಿನಲ್ಲಿ ಕೂತ ಸವಳನ್ನು ಮೊದಲು ಬಿಡಿಸಿ, ಇಲ್ಲದಿದ್ದರೆ ಒಳ್ಳೆ ನೀರೂ ವ್ಯರ್ಥ: ಒಂದು ಪಾಲು ವಿನೆಗರ್, ಹತ್ತು ಪಾಲು ನೀರು, ಐದು ನಿಮಿಷ, ಚೆನ್ನಾಗಿ ಜಾಲಿಸಿ. ಪಟಿಕಾರ ಮುಟ್ಟಿದ ಕೈಯಲ್ಲಿ ಬಟ್ಟಲು ಮುಟ್ಟಬೇಡಿ. ಅದೂ ಸಾಬೂನನ್ನು ಒಡೆಯುತ್ತದೆ, ಅದರ ಸರದಿ ಶೇವಿಂಗ್ ಮುಗಿದ ಮೇಲೆ.