ಬಿಸಿಲಿಗೊಂದು ಶರ್ಟ್: ತೆಳುವಿರಲಿ, ಜಾಳಾಗದಿರಲಿ

ಚಾರಣಕ್ಕೆ ಹೊರಟ ಗಂಡಸರನ್ನು ನೋಡಿ. ಮೂಗಿಗೆಲ್ಲ ಸನ್‌ಸ್ಕ್ರೀನ್ ಮೆತ್ತಿಕೊಂಡಿರುತ್ತಾರೆ, ಮೈಮೇಲೆ ಮಾತ್ರ ಹಳೇ ಬಿಳಿ ಟೀ ಶರ್ಟ್. ಹತ್ತಿ ಅಲ್ವಾ, ತಂಪು ಅನ್ನುವ ಲೆಕ್ಕ. ತಂಪೇನೋ ನಿಜ. ಆದರೆ ಅಂಥ ತೆಳು ಹತ್ತಿಯ ಯುಪಿಎಫ್ (ಬಟ್ಟೆ ಬಿಸಿಲಿನ ನೇರಳಾತೀತ ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಸಾಮಾನ್ಯವಾಗಿ 5ರಿಂದ 7ರ ಆಸುಪಾಸು, ಬೆವರಿಗೆ ತೊಯ್ದರೆ ಇನ್ನೂ ಕೆಳಗೆ.

ಹಾಗಾಗಿ ಮೊದಲು ಲೇಬಲ್ ಓದಿ. ಯುಪಿಎಫ್ 50 ಅಂತಿದ್ದರೆ ಬಟ್ಟೆಯ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ 50ರಲ್ಲಿ ಒಂದು ಪಾಲು, ಅಂದರೆ ಶೇ 2ರಷ್ಟು ಮಾತ್ರ ಒಳಗೆ ದಾಟುತ್ತದೆ. 30 ಇದ್ದರೆ ಶೇ 3ಕ್ಕಿಂತ ಚೂರು ಜಾಸ್ತಿ.

ಲೇಬಲ್ ಇಲ್ಲವಾ? ಶರ್ಟಿನೊಳಗೆ ಕೈ ತೂರಿಸಿ ಬೆಳಕಿಗೆ ಹಿಡಿಯಿರಿ. ಬೆರಳುಗಳು ಕಂಡವೋ, ಸುಮ್ನೆ ವಾಪಸ್ ಇಡಿ. ತೆಳುವಾಗಿರುವುದು ತಪ್ಪಲ್ಲ, ಜಾಳುಜಾಳಾಗಿರುವುದು ತಪ್ಪು. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಹಗುರ ಇದ್ದರೂ ಕಿರಣ ತಡೆಯುತ್ತದೆ, ಬೇಗ ಒಣಗುತ್ತದೆ. ಗಾಢ ಬಣ್ಣ ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಲ್ಲಿ ಕಾಯುತ್ತದೆ; ನಾನಂತೂ ನಡುವಿನ ನೀಲಿಗೆ ರಾಜಿಯಾಗಿದ್ದೇನೆ.

ಅಳತೆ ಸ್ವಲ್ಪ ಸಡಿಲ ಇರಲಿ. ಮೈಗೆ ಅಂಟಿ ಎಳೆದುಕೊಂಡರೆ ನೂಲಿನ ನಡುವಿನ ಸಂದು ಅಗಲವಾಗಿ ಬಿಸಿಲು ಒಳಗಿಳಿಯುತ್ತದೆ.

ಇನ್ನು ಹಾಕಿ ನೋಡುವ ಕೆಲಸ. ಇದಕ್ಕೆ ಅಂಗಡಿಗೆ ನಿಮ್ಮ ಬೆನ್ನುಚೀಲವನ್ನೇ ತೆಗೆದುಕೊಂಡು ಹೋಗಿ, ಯಾರು ನಕ್ಕರೂ ಪರವಾಗಿಲ್ಲ. ಅದನ್ನು ಹೊತ್ತು ಎರಡೂ ಕೈ ಮೇಲೆತ್ತಿ. ತೋಳು ಮಣಿಕಟ್ಟಿನಿಂದ ಎಷ್ಟು ಮೇಲೇರಿತು? ಭುಜದ ಹೊಲಿಗೆ ಪಟ್ಟಿಯ ಕೆಳಗೇ ಬರುತ್ತದೋ? ನನ್ನ ಮೊದಲ ಶರ್ಟಿನಲ್ಲಿ ಸರಿಯಾಗಿ ಅಲ್ಲೇ ಬಂದಿತ್ತು, ಸಂಜೆ ಹೊತ್ತಿಗೆ ಎರಡೂ ಭುಜ ಉಜ್ಜಿ ಕೆಂಪಾಗಿ, ರಾತ್ರಿ ಮಗ್ಗುಲಾಗಿ ಮಲಗೋಕೂ ಆಗಲಿಲ್ಲ. ಬೆನ್ನಲ್ಲಿ ಗಾಳಿಕಿಂಡಿ ಇದೆ ಅಂತ ಮಾರುವವರು ಹೊಗಳುತ್ತಾರೆ, ಚೀಲ ಅದನ್ನೇ ಮುಚ್ಚುತ್ತದೆ. ಕಂಕುಳಲ್ಲಿದ್ದರೆ ಉಪಯೋಗ. ಕಾಲರ್ ಮಾತ್ರ ಎತ್ತಿ ನಿಲ್ಲಿಸುವಂಥದ್ದೇ ಬೇಕು, ಏರು ಹತ್ತುವಾಗ ತಲೆ ಬಗ್ಗಿದರೆ ಬಿಸಿಲು ಬೀಳುವುದು ಕತ್ತಿನ ಹಿಂಭಾಗಕ್ಕೇ.

ಎತ್ತರಕ್ಕೆ ಹೋದಾಗ ತಂಗಾಳಿ ಮೋಸ ಮಾಡುತ್ತದೆ. ಪ್ರತಿ 1000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ನಾವು ತೋಳು ಮಡಚುವುದೂ ಅಲ್ಲೇ.

ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ಕಂಡಿಷನರ್ ಬೇಡ, ಅದರ ಪದರ ಕೂತು ಬೆವರು ಹೀರುವುದು ಕಮ್ಮಿಯಾಗುತ್ತದೆ. ನೆರಳಲ್ಲಿ ಒಣಗಿಸಿ. ವರ್ಷಕ್ಕೊಮ್ಮೆ ಅದೇ ಬೆಳಕಿನ ಪರೀಕ್ಷೆ ಮಾಡಿ, ಭುಜ, ಮೊಣಕೈ ಸವೆದು ಬೆರಳು ಕಾಣತೊಡಗಿದರೆ ಅದು ನೆಲ ಒರೆಸುವ ಬಟ್ಟೆ.