ಮನೆಯ ಇವಿ ಚಾರ್ಜರ್ ಕೈಕೊಟ್ಟರೆ: ಕೆಟ್ಟಿದ್ದು ಯಾವುದು ನೋಡಿ, ಆಮೇಲೆ ಬದಲಿಸಿ

ರಾತ್ರಿ ಕಾರಿಗೆ ಚಾರ್ಜಿಂಗ್ ಕೇಬಲ್ಲಿನ ಗನ್ ಸಿಕ್ಕಿಸಿ ಮಲಗಿದಿರಿ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಎಲ್ಲಿತ್ತೋ ಅಲ್ಲೇ ಇದೆ, ಗೋಡೆಯ ಚಾರ್ಜರ್‌ನಲ್ಲಿ ಕೆಂಪು ದೀಪ. ತಕ್ಷಣ ಹೊಸದನ್ನು ಹುಡುಕಲು ಕೂರಬೇಡಿ. ಕೆಟ್ಟಿರುವುದು ಕಾರೋ, ಚಾರ್ಜರೋ, ಮನೆಯ ವೈರಿಂಗೋ ಎಂದು ತಿಳಿಯದೆ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯಬಹುದು.

ಒಂದು ವಿಷಯ ಗೊತ್ತಿದ್ದರೆ ಹುಡುಕುವುದು ಸುಲಭ. ನಾವು ಚಾರ್ಜರ್ ಅನ್ನುವ ಆ ಪೆಟ್ಟಿಗೆ ಬ್ಯಾಟರಿಯನ್ನು ನೇರವಾಗಿ ಚಾರ್ಜ್ ಮಾಡುವುದಿಲ್ಲ. ಎಸಿ ಕರೆಂಟನ್ನು ಡಿಸಿಗೆ ಬದಲಾಯಿಸುವ ಯಂತ್ರ ಕಾರಿನ ಒಳಗೇ ಇದೆ. ಗೋಡೆಯಲ್ಲಿರುವುದು ಒಂದು ಜಾಣ ಸ್ವಿಚ್ಚು. ಅದು ಸಣ್ಣ ತಂತಿಯೊಂದರಲ್ಲಿ ಕಾರಿನ ಜೊತೆ ಮಾತಾಡುತ್ತದೆ: ಗನ್ ಖಾಲಿ ಇದ್ದಾಗ ಆ ತಂತಿಯಲ್ಲಿ 12 ವೋಲ್ಟ್, ಕಾರಿಗೆ ಸಿಕ್ಕಿಸಿದಾಗ 9, ಕಾರು ‘ನಾನು ರೆಡಿ, ಕರೆಂಟ್ ಬಿಡು’ ಎಂದಾಗ 6. ಆಗ ಮಾತ್ರ ಪೆಟ್ಟಿಗೆಯೊಳಗಿನ ರಿಲೇ, ಅಂದರೆ ಕರೆಂಟ್ ಬಿಡುವ ಸ್ವಿಚ್ಚು, ಟಕ್ ಎನ್ನುತ್ತದೆ. ಆ ಟಕ್ ಶಬ್ದಕ್ಕೆ ಕಿವಿ ಕೊಡಿ. ಶಬ್ದವೇ ಬರದಿದ್ದರೆ ತೊಂದರೆ ಬಹುಶಃ ಮಾತುಕತೆಯಲ್ಲಿ. ಶಬ್ದ ಬಂದ ಕೂಡಲೇ ಟ್ರಿಪ್ ಆದರೆ ಬಹುಶಃ ಕರೆಂಟ್ ಎಲ್ಲೋ ಸೋರುತ್ತಿದೆ.

ಮೊದಲು ಕಾರಿನ ಸೆಟ್ಟಿಂಗ್ ನೋಡಿ. ಇಂತಿಷ್ಟು ಗಂಟೆಗೆ ಶುರುವಾಗಲಿ ಎಂದು ಟೈಮರ್ ಇಟ್ಟಿರಬಹುದು, 80 ಶೇಕಡಕ್ಕೆ ನಿಲ್ಲಲಿ ಎಂದು ಮಿತಿ ಹಾಕಿರಬಹುದು. ಚಾರ್ಜರ್ ಆ್ಯಪ್‌ನಲ್ಲೂ ಬೇರೆ ಟೈಮರ್ ಇರುತ್ತದೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ರಾತ್ರಿಯಿಡೀ ಏನೂ ಆಗುವುದಿಲ್ಲ. ಆಮೇಲೆ ಗನ್ ತೆಗೆದು, ಚಾರ್ಜರ್ ಲೈನಿನ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಇನ್ನೂ ಆಗಲಿಲ್ವಾ? ಕಾರನ್ನು ಬೇರೆ ಎಸಿ ಚಾರ್ಜರ್‌ಗೆ ಒಯ್ದು ಸಿಕ್ಕಿಸಿ. ಡಿಸಿ ಫಾಸ್ಟ್ ಚಾರ್ಜರ್ ಈ ಪರೀಕ್ಷೆಗೆ ಬರುವುದಿಲ್ಲ, ಅದು ಕಾರಿನೊಳಗಿನ ಯಂತ್ರವನ್ನು ಬಳಸದೆ ನೇರ ಬ್ಯಾಟರಿಗೆ ಹೋಗುತ್ತದೆ. ಅಲ್ಲೂ ಚಾರ್ಜ್ ಆಗದಿದ್ದರೆ ನಿಮ್ಮ ಗೋಡೆಯ ಪೆಟ್ಟಿಗೆ ಬಹುಶಃ ನಿರಪರಾಧಿ. ಅಲ್ಲಿ ಸರಿಯಾಗಿ ಆದರೆ ಮನೆಗೆ ಬಂದು ಗನ್ನಿನ ಪಿನ್‌ಗಳನ್ನು ಟಾರ್ಚ್ ಹಾಕಿ ನೋಡಿ. ನೀರು, ಧೂಳು, ಹಸಿರುಗಟ್ಟಿದ ಪಿನ್, ಕರಗಿದ ಪ್ಲಾಸ್ಟಿಕ್, ಇವೇ ಮುಖ್ಯ ಸುಳಿವು.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುತ್ತಿದ್ದರೆ ಯಾವಾಗ ಆಗುತ್ತದೆ ಎಂದು ಗಮನಿಸಿ. ಗನ್ ಕಾರಿಗೆ ಹಾಕದೆಯೂ ಬಿದ್ದರೆ ಪೆಟ್ಟಿಗೆಯಲ್ಲೋ ಅದಕ್ಕೆ ಬರುವ ವೈರಿನಲ್ಲೋ ದೋಷ. ಹಾಕಿದ ಮೇಲೆ ಬಿದ್ದರೆ ಗನ್ ಕೇಬಲ್ ಇಲ್ಲವೇ ಕಾರು. ಒಮ್ಮೆ ಮೇಲೆತ್ತಿ ನೋಡಿ, ಮತ್ತೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಸುಮ್ನೆ ಹತ್ತು ಸಲ ಎತ್ತುವುದು ಅಪಾಯ.

ಅರ್ಥಿಂಗ್ ಎರರ್ ಬಂದರೆ ಅದು ಚಾರ್ಜರ್ ನಿಮ್ಮನ್ನು ಕಾಪಾಡುತ್ತಿರುವ ಲಕ್ಷಣ. ಕೆಲವರು ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಸೇರಿಸಿ ಎರರ್ ಮಾಯ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ, ಯಾರಾದರೂ ಮಾಡಿಕೊಡುತ್ತೇನೆ ಎಂದರೂ ಬೇಡ ಅನ್ನಿ. ಎಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಮೈಯಲ್ಲೇ ಕರೆಂಟ್ ಬರುತ್ತದೆ, ಮುಟ್ಟಿದವರ ಜೀವಕ್ಕೇ ಕುತ್ತು.

ಬದಲಿಸುವಾಗ

ಪೆಟ್ಟಿಗೆ ಬಿಚ್ಚುವ ಮೊದಲು ವಾರಂಟಿ ನೋಡಿ. ಬಿಚ್ಚುವುದು, ವೈರ್ ಹಾಕುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಆದರೆ ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಎಂಸಿಬಿ ಆಫ್ ಆಗಿ, ಬೇರೆಯವರು ಆನ್ ಮಾಡದಂತೆ ಬೀಗವೋ ಟೇಪೋ ಬೀಳಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು, ಅದು ಕೆಲಸ ಮಾಡುತ್ತದೆಂದು ಖಚಿತ ಮಾಡಿಕೊಂಡು, ಆಮೇಲೆ ಈ ವೈರಿಗೆ ಇಡಬೇಕು. ಹಳೆಯ ಜೋಡಣೆಯ ಫೋಟೋ ತೆಗೆದುಕೊಳ್ಳಿ.

ಈಗ ಮುಖ್ಯ ಜಾಗ: ವೈರಿನ ತುದಿ. ನಮ್ಮ ಮನೆಯ ಹಳೆಯ ಪೆಟ್ಟಿಗೆ ಬಿಚ್ಚಿದಾಗ ನ್ಯೂಟ್ರಲ್ ಸ್ಕ್ರೂ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ತಾಮ್ರ ಕಪ್ಪಗಾಗಿತ್ತು. ಸ್ಕ್ರೂ ಲೂಸ್ ಆಗಿದ್ದೇ ಮೂಲ ರೋಗ. ಮಿಕ್ಸಿ, ಗೀಸರ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತವೆ. ಕಾರು ಹಾಗಲ್ಲ, 32 ಆಂಪ್ಸ್ ಅನ್ನು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಲೂಸ್ ಜಾಗದಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸುಟ್ಟ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದೆ ಹೋಗಿ, ಎಳೆ ಎಳೆಯಾದ ವೈರ್ ಆದರೆ ಫೆರುಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಕೊಳವೆ) ಒತ್ತಿ, ಕಂಪನಿ ಹೇಳಿದಷ್ಟೇ ಬಿಗಿಗೆ ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ತಿರುಗಿಸಬೇಕು. ಕೈ ಅಂದಾಜು ಇಲ್ಲಿ ಸಾಲದು.

7.4 ಕಿಲೋವ್ಯಾಟ್ ಚಾರ್ಜರ್ ಅಂದರೆ 230 ವೋಲ್ಟ್‌ನಲ್ಲಿ 32 ಆಂಪ್ಸ್. ಇದಕ್ಕೆ ಸಾಮಾನ್ಯವಾಗಿ 6 ಚದರ ಮಿಲಿಮೀಟರ್ ತಾಮ್ರದ ವೈರ್, 40 ಆಂಪ್ಸ್ ಎಂಸಿಬಿ ಬೇಕು. ದೂರ ಜಾಸ್ತಿಯಿದ್ದರೆ ಇನ್ನೂ ದಪ್ಪ ವೈರ್. ಹಳೆಯದು 16 ಆಂಪ್ಸಿನದಾಗಿದ್ದು ಹೊಸದು 32 ಆದರೆ ವೈರನ್ನೂ ಬದಲಿಸಲೇಬೇಕು. ಅದಾಗದಿದ್ದರೆ ಹೊಸ ಪೆಟ್ಟಿಗೆಯ ಒಳಗಿನ ಸ್ವಿಚ್‌ನಲ್ಲಿ ಮಿತಿಯನ್ನು ಹಳೆಯ ವೈರಿಗೆ ತಕ್ಕಂತೆ ಇಳಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಆರ್‌ಸಿಸಿಬಿ ವಿಷಯದಲ್ಲೂ ಕೇಳಿ: ಕಾರಿನಿಂದ ಡಿಸಿ ಲೀಕೇಜ್ ಬಂದರೆ ಸಾದಾ ಎಸಿ ಟೈಪ್‌ಗೆ ಅದು ಕಾಣುವುದಿಲ್ಲ. ಚಾರ್ಜರ್ ಒಳಗೇ 6 ಮಿಲಿಆಂಪ್ಸ್ ಡಿಸಿ ಪತ್ತೆ ವ್ಯವಸ್ಥೆ ಇದ್ದರೆ 30 ಮಿಲಿಆಂಪ್ಸಿನ ಎ ಟೈಪ್ ಸಾಕು, ಇಲ್ಲದಿದ್ದರೆ ಬಿ ಟೈಪ್ ಬೇಕು.

ಹೊರಗೋಡೆಯಾದರೆ ವೈರ್ ಪೆಟ್ಟಿಗೆಯ ಕೆಳಗಿನಿಂದ ಒಳಗೆ ಹೋಗಲಿ. ಮಳೆನೀರು ವೈರ್ ಹಿಡಿದು ಒಳಗೆ ಇಳಿಯದಿರಲು ಪ್ರವೇಶಕ್ಕೆ ಮೊದಲು ವೈರ್ ಕೆಳಕ್ಕೆ ಬಾಗಿ ಮೇಲೇರುವಂತೆ ಒಂದು ಬಳುಕು ಬಿಡಿ.

ಎಲ್ಲ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳಬೇಕು. ಕಾರು ಸಿಕ್ಕಿಸಿ ಮೊದಲು 10 ಆಂಪ್ಸಿನಲ್ಲಿ ಅರ್ಧ ಗಂಟೆ, ಆಮೇಲೆ ಪೂರ್ತಿ ಕರೆಂಟಿನಲ್ಲಿ ಒಂದು ಗಂಟೆ ಓಡಿಸಿ. ಗನ್ನಿನ ಹಿಡಿ, ಪೆಟ್ಟಿಗೆಯ ಹೊರಮೈ, ಎಂಸಿಬಿಯ ಮುಖ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ಕೂಡಲೇ ಆಫ್ ಮಾಡಿ ಅದೇ ಎಲೆಕ್ಟ್ರಿಷಿಯನ್ನನ್ನು ಕರೆದು ಸ್ಕ್ರೂಗಳನ್ನು ಮತ್ತೆ ನೋಡಿಸಿ. ಈ ಪರೀಕ್ಷೆಯನ್ನು ನೀವು ಎಚ್ಚರವಾಗಿರುವಾಗ, ಹಗಲಲ್ಲೇ ಮಾಡಿ.