ಹಳೇ ಷೆವ್ರೊಲೆ 3100: ಕ್ಯಾಬಿನ ಮೂಲೆಯ ತುಕ್ಕಿನಿಂದ ಕೊನೆಯ ಕೋಟಿನವರೆಗೆ

1947ರಿಂದ 1955ರ ಆರಂಭದವರೆಗೆ ಅಮೆರಿಕದಲ್ಲಿ ತಯಾರಾದ ಷೆವ್ರೊಲೆ 3100 ಪಿಕಪ್ಪಿಗೆ ಬಣ್ಣ ಹೊಡೆಯಬೇಕೆಂದಿದ್ದರೆ, ಮೊದಲು ಸಣ್ಣ ಅಯಸ್ಕಾಂತವೊಂದನ್ನು ಕ್ಯಾಬಿನ ಹಿಂಬದಿಯ ಕೆಳಮೂಲೆಗಳ ಮೇಲೆ ಆಡಿಸಿ. ಹಿಡಿಯದೆ ಜಾರಿದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಆ ಮೂಲೆ ಎರಡು ಪದರದ್ದು. ನಡುವೆ ಧೂಳು, ಎಲೆ ಸೇರಿ ಸದಾ ಒದ್ದೆಯಾಗಿರುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತ ಬಂದು ಹೊರಗೆ ಗುಳ್ಳೆಯಾಗಿ ಕಾಣುವ ಹೊತ್ತಿಗೆ ತಗಡು ಜರಡಿಯಾಗಿರುತ್ತದೆ. ಮುಂದಿನ ಮಡ್‌ಗಾರ್ಡಿನ ಹಿಂತುದಿ, ಬಾಗಿಲ ಕೆಳಗಿನ ರಾಕರ್, ಕಾಲಿಡುವ ನೆಲ, ಇವನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ.

ಹಳೇ ಬಣ್ಣ ತೆಗೆಯಲು ಇಡೀ ಗಾಡಿಯನ್ನು ಸ್ಯಾಂಡ್‌ಬ್ಲಾಸ್ಟಿಂಗಿಗೆ ಕೊಡಬೇಡಿ. ಚಾಸಿ, ಚಕ್ರಕ್ಕೆ ಅದು ಸರಿ. ಟಾಪು, ಬಾಗಿಲಿನಂಥ ಅಗಲದ ತಗಡಿನ ಮೇಲೆ ಮರಳಿನ ಒಂದೊಂದು ಕಣವೂ ಸುತ್ತಿಗೆಯ ಏಟಿನಂತೆ ಬಿದ್ದು, ಮೇಲ್ಮೈ ಹಿಗ್ಗಿ ಅಲೆಅಲೆಯಾಗುತ್ತದೆ. ಅಲ್ಲಿಗೆ ಪೇಂಟ್ ರಿಮೂವರ್ ಅಥವಾ 80 ನಂಬರಿನ ಉಜ್ಜುವ ಡಿಸ್ಕ್ ಸಾಕು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಮಾಸ್ಕ್ ಇಲ್ಲದೆ ಉಜ್ಜಬೇಡಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ತುಕ್ಕು ತಿಂದ ತಗಡನ್ನು ಕತ್ತರಿಸುವ ಮುನ್ನ ಬಾಗಿಲು ಕೂರಿಸಿ, ಸುತ್ತಲಿನ ಸಂದು ಅಳೆದು ಬರೆದಿಟ್ಟು, ಬಾಗಿಲಿನ ಕಂಡಿಗೆ ಅಡ್ಡಲಾಗಿ ಪೈಪೊಂದನ್ನು ವೆಲ್ಡ್ ಮಾಡಿ. ಒಮ್ಮೆಗೆ ಒಂದೇ ಬದಿ ಕತ್ತರಿಸಿ. ಇಲ್ಲದಿದ್ದರೆ ಕ್ಯಾಬು ಕುಸಿದು, ಹೊಸ ತಗಡು ಎಷ್ಟೇ ಚೆನ್ನಾಗಿ ಕೂತರೂ ಬಾಗಿಲು ಮುಚ್ಚುವುದಿಲ್ಲ. ತೇಪೆಗೆ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ತಗಡು. ಒಂದರ ಮೇಲೊಂದು ಹೊದಿಸಿ ಬೆಸೆಯುವುದು ಸುಲಭ, ಆದರೆ ಆ ಸಂದಿನಲ್ಲಿ ನೀರು ನಿಂತು ಮತ್ತೆ ತುಕ್ಕು ಹಿಡಿಯುತ್ತದೆ. ಅಂಚಿಗೆ ಅಂಚು ಕೂಡಿಸಿ. ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗಿಗೆ 0.6 ಮಿ.ಮೀ. ತಂತಿ, 75 ಭಾಗ ಆರ್ಗಾನ್ ಮತ್ತು 25 ಭಾಗ ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸ್. ಮೊದಲು 25 ಮಿ.ಮೀ.ಗೊಂದು ಟ್ಯಾಕ್, ಅಂದರೆ ಚುಕ್ಕೆಯಷ್ಟು ಬೆಸುಗೆ: ಒಂದು ಈ ತುದಿಗೆ, ಮುಂದಿನದು ಆ ತುದಿಗೆ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವೆ ತುಂಬುತ್ತ ಬನ್ನಿ. ನೀರು ಸುರಿದು ತಣಿಸಬೇಡಿ. ಬೆಸುಗೆ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ತಗಡು ಸೊಟ್ಟಗಾಗುವುದು ಇದರಿಂದಲೇ. ಒಳಗೆ ಡಾಲಿ (ಏಟಿಗೆ ಆಸರೆ ಕೊಡುವ ಉಕ್ಕಿನ ಗಟ್ಟಿ) ತೂರುವ ಕಡೆಯಲ್ಲೆಲ್ಲ ಅದನ್ನು ಒತ್ತಿಹಿಡಿದು, ಟ್ಯಾಕಿನ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಕುಗ್ಗಿದ್ದು ಹಿಗ್ಗಿ ಸಮಕ್ಕೆ ಬರುತ್ತದೆ.

ಬೋಳು ತಗಡನ್ನು ಗ್ರೀಸ್ ರಿಮೂವರಿನಲ್ಲಿ ಒರೆಸಿ, ಅದೇ ದಿನ ಎರಡು ಕೋಟು ಎಪಾಕ್ಸಿ ಪ್ರೈಮರ್ ಕೊಡಿ. ಪುಟ್ಟಿ ಬರಬೇಕಾದ್ದು ಅದರ ಮೇಲೆ. ಪುಟ್ಟಿ ತೇವ ಹೀರುತ್ತದೆ; ಕೆಳಗೆ ಎಪಾಕ್ಸಿ ಇದ್ದರೆ ಆ ತೇವ ತಗಡಿಗೆ ಮುಟ್ಟುವುದಿಲ್ಲ. 100 ಗ್ರಾಂ ಪುಟ್ಟಿಗೆ ಹಾರ್ಡ್‌ನರ್ ಸುಮಾರು 2 ಗ್ರಾಂ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಅದರ ಪೆರಾಕ್ಸೈಡ್ ಬಣ್ಣಕ್ಕೆ ಏರಿ ಕಲೆಯಾಗುತ್ತದೆ. 3 ಮಿ.ಮೀ.ಗಿಂತ ದಪ್ಪ ಬೇಕಾಯಿತೆಂದರೆ ಟಿಂಕರಿಂಗ್ ಮುಗಿದಿಲ್ಲವೆಂದೇ ಅರ್ಥ; ಮತ್ತೆ ಸುತ್ತಿಗೆ ಹಿಡಿಯಿರಿ.

ಈ ಗಾಡಿಯ ಅಂದವೆಲ್ಲ ಮಡ್‌ಗಾರ್ಡಿನ ಗುಂಡನೆಯ ಬೆನ್ನಿನಲ್ಲಿದೆ. ಅದನ್ನು ಸ್ಯಾಂಡ್ ಪೇಪರ್ ಬೆರಳಲ್ಲೇ ಹಿಡಿದು ಉಜ್ಜಿದರೆ ಬೆರಳಗಲದ ಗೀರು ಬೀಳುತ್ತದೆ. ಬಾಗುವ ಉದ್ದನೆಯ ಬ್ಲಾಕಿಗೆ 80ರ ಪೇಪರ್ ಸುತ್ತಿ, ಒಮ್ಮೆ ಹೀಗೆ ಒಮ್ಮೆ ಹಾಗೆ ಓರೆಯಾಗಿ ಎಳೆಯಿರಿ, ಆಮೇಲೆ 180. 2ಕೆ, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ, ಫಿಲ್ಲರ್ ಪ್ರೈಮರ್ ಮೂರು ಕೋಟು ಕೊಟ್ಟು, ಒಣಗಿದ ಮೇಲೆ ಕಪ್ಪು ಗೈಡ್ ಕೋಟನ್ನು ತೆಳ್ಳಗೆ ಎರಚಿ. 320ರಲ್ಲಿ ಉಜ್ಜಿದಾಗ ಕಪ್ಪು ಉಳಿದದ್ದು ತಗ್ಗು, ಮೊದಲೇ ತಗಡು ಕಂಡದ್ದು ಉಬ್ಬು. ಕಪ್ಪೆಲ್ಲ ಒಟ್ಟಿಗೆ ಹೋಗುವವರೆಗೆ ಬಿಡಬೇಡಿ. ಎಷ್ಟು ದಿನವಾದರೂ ಆಗಲಿ, ಇಲ್ಲಿ ಉಳಿಸಿದ ಸಮಯ ಬಿಸಿಲಿಗೆ ಗಾಡಿ ನಿಲ್ಲಿಸಿದ ಕೂಡಲೇ ಕಾಣುತ್ತದೆ. ಕೊನೆಗೆ 600ರ ವಾಟರ್ ಪೇಪರ್.

ಫಾರೆಸ್ಟರ್ ಗ್ರೀನಿನಂಥ ಆ ಕಾಲದ ಸಾದಾ ಬಣ್ಣಕ್ಕೆ ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಕೋಟಿನ ಕನ್ನಡಿ ಹೊಳಪು ಒಪ್ಪುವುದಿಲ್ಲ. ಬಣ್ಣ, ಹೊಳಪು ಎರಡೂ ಒಂದರಲ್ಲೇ ಇರುವ ಸಿಂಗಲ್ ಸ್ಟೇಜ್ ಯೂರಿಥೇನ್ ಹೊಡೆಯಿರಿ. ಒಳಹೊರಗೆ ಸೇರಿ ಸುಮಾರು 4 ಲೀಟರ್ ಬೇಕು. ಮಡ್‌ಗಾರ್ಡ್, ಬಾಗಿಲು, ಬಾನೆಟ್ ಬಿಚ್ಚಿಯೇ ಹೊಡೆದರೆ ಅಂಚಿನ ಒಳಗೂ ಬಣ್ಣ ತಲುಪುತ್ತದೆ. ಗನ್ನಿನ ನಾಜಲ್ 1.3 ಅಥವಾ 1.4 ಮಿ.ಮೀ., ದೂರ 15ರಿಂದ 20 ಸೆಂ.ಮೀ., ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚಬೇಕು. ಕೋಟುಗಳ ನಡುವೆ 10–15 ನಿಮಿಷ ಬಿಡಿ. ಸೆಕೆಯಲ್ಲಿ ಬೇಗ ಆರುವ ಥಿನ್ನರ್ ಹಾಕಿ ದಪ್ಪ ಕೋಟು ಕೊಟ್ಟರೆ ಮೇಲ್ಪದರ ಮೊದಲು ಮುಚ್ಚಿ, ಒಳಗಿನ ಥಿನ್ನರ್ ಸಿಡಿದು ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಮೀನಿನ ಕಣ್ಣಿನಂತೆ ಬಣ್ಣ ದೂರ ಸರಿದರೆ ಕೆಳಗೆ ಸಿಲಿಕೋನ್ ಅಥವಾ ಎಣ್ಣೆ ಇದೆ. ಬಣ್ಣ ಇಳಿದರೆ ಹಸಿಯಲ್ಲಿ ಮುಟ್ಟದೆ, ಪೂರ್ತಿ ಗಟ್ಟಿಯಾದ ಮೇಲೆ 1000ದಲ್ಲಿ ತೆಗೆಯಿರಿ. ಈ ಬಣ್ಣಕ್ಕೆ ಬೆರೆಸುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ಶ್ವಾಸಕೋಶಕ್ಕೆ ಅಪಾಯಕಾರಿ ರಾಸಾಯನಿಕ ಇದೆ. ಬಟ್ಟೆಯ ಮಾಸ್ಕಿಗೆ ಅದು ನಿಲ್ಲುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕೇ ಬೇಕು.

ಜೋಡಿಸುವಾಗ ಮಡ್‌ಗಾರ್ಡಿನ ಸಂದಿಗೆ ಹೊಸ ಬೀಡಿಂಗ್ ಇಡಿ, ಬಣ್ಣ ಬಣ್ಣಕ್ಕೆ ತಿಕ್ಕಬಾರದು. ಕ್ಯಾಬಿನ ಮೂಲೆಗಳ ಒಳಗೆ ಉದ್ದನೆಯ ನಳಿಗೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಎರಚಿ, ಕೆಳಗಿನ ನೀರಿಳಿಯುವ ತೂತುಗಳಿಗೆ ತಂತಿ ಆಡಿಸಿ ಬಿಡಿಸಿಡಿ.